ಅಂಗವೈಕಲ್ಯ ಇದೆ ಅಂತ ಬಾಗಿಲಲ್ಲೇ ತಡೆದರೆ: ದೂರು ಹೇಗೆ ಕೊಡಬೇಕು, ಎಲ್ಲಿ ಕೊಡಬೇಕು?

ವಾರಕ್ಕೆ ಒಂದಾದರೂ ಇಂಥ ಮೆಸೇಜು ಬರುತ್ತದೆ. "ಕಣ್ಣು ಕಾಣಲ್ಲ ಅಂತ ಬ್ಯಾಂಕಿನವರು ಚೆಕ್ ಬುಕ್ ಕೊಡ್ತಿಲ್ಲ." "ಮಗಳ ಲ್ಯಾಬ್ ಮೂರನೇ ಮಹಡಿಯಲ್ಲಿದೆ, ವೀಲ್‌ಚೇರ್ ಮೇಲೆ ಹೋಗಲ್ಲ." "ಹೋಟೆಲಿನಲ್ಲಿ ಮಗನನ್ನ ಎಬ್ಬಿಸಿ ಹೊರಗೆ ಕಳಿಸಿದ್ರು, ಬೇರೆ ಗಿರಾಕಿಗಳಿಗೆ ತೊಂದರೆಯಂತೆ." ಕೊನೆಗೆ ಎಲ್ಲರದ್ದೂ ಒಂದೇ ಪ್ರಶ್ನೆ: ಇದಕ್ಕೆ ಕಾನೂನು ಅಂತ ಇದೆಯಾ, ಇದ್ದರೆ ಯಾರ ಹತ್ತಿರ ಹೋಗಬೇಕು?

ಇದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016. ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. 1995ರ ಹಳೇ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಮಾತ್ರ ಇತ್ತು, ಇದರಲ್ಲಿ 21 ಇವೆ. ಆಟಿಸಂ, ಕಲಿಕಾ ತೊಂದರೆ, ಹಿಮೋಫಿಲಿಯಾ, ಪಾರ್ಕಿನ್ಸನ್, ಆಸಿಡ್ ದಾಳಿಯಿಂದಾದ ಗಾಯ, ಮಾನಸಿಕ ಕಾಯಿಲೆ, ಎಲ್ಲ ಇದರೊಳಗೆ ಬರುತ್ತವೆ. ಸರ್ಕಾರಿ ಕಡತಗಳಲ್ಲಿ ನಮ್ಮನ್ನು 'ವಿಕಲಚೇತನರು' ಅಂತ ಕರೆಯುತ್ತಾರೆ. ಕಾಲು ವಿಕಲವಾದರೆ ಚೇತನ ಯಾಕೆ ವಿಕಲವಾಗಬೇಕೋ ನನಗಂತೂ ಗೊತ್ತಿಲ್ಲ. ಆದರೆ ಇಲಾಖೆಯ ಹೆಸರೇ ಹಾಗಿದೆ, ಅರ್ಜಿಯಲ್ಲಿ ಅದನ್ನೇ ಬರೆಯಿರಿ, ಕಡತ ಬೇಗ ಸಿಗುತ್ತದೆ.

ನಾನು ವಕೀಲನಲ್ಲ. ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿಕೊಂಡು ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು ಕಲಿತದ್ದು ಇದು. ನನ್ನ ಮೊದಲ ದೂರು ವಾಪಸ್ ಬಂದಿತ್ತು. ಅನ್ಯಾಯ ಆಗಿರಲಿಲ್ಲ ಅಂತ ಅಲ್ಲ, ತಪ್ಪು ಕಚೇರಿಗೆ ಕಳಿಸಿದ್ದೆ, ಜೊತೆಗೆ ನಾನು ಕೇಳಿದ್ದೆ ಅನ್ನುವುದಕ್ಕೆ ಒಂದು ಚೀಟಿಯೂ ನನ್ನ ಹತ್ತಿರ ಇರಲಿಲ್ಲ. ನಿಮಗೆ ಹಾಗಾಗದಿರಲಿ.

1. ಇದು ಕಾಯ್ದೆಯೊಳಗೆ ಬರುವ ತಾರತಮ್ಯವಾ, ಮೊದಲು ನೋಡಿ

ಅಂಗವೈಕಲ್ಯದ ಕಾರಣಕ್ಕೆ ನಿಮ್ಮನ್ನು ಹೊರಗಿಟ್ಟರೆ, ಮಿತಿ ಹಾಕಿದರೆ, ಬೇರೆಯವರಿಗೆ ಸಿಗುವುದು ನಿಮಗೆ ಸಿಗದ ಹಾಗೆ ಮಾಡಿದರೆ ಅದು ತಾರತಮ್ಯ. ಇಷ್ಟು ಎಲ್ಲರಿಗೂ ಗೊತ್ತು. ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದು ಮಾತು: 'ಸಮಂಜಸ ಹೊಂದಾಣಿಕೆ' ನಿರಾಕರಿಸುವುದೂ ತಾರತಮ್ಯವೇ ಅಂತ ಕಾಯ್ದೆಯ ವ್ಯಾಖ್ಯೆಯಲ್ಲೇ ಬರೆದಿದ್ದಾರೆ.

ಸಮಂಜಸ ಹೊಂದಾಣಿಕೆ ಅಂದರೆ ನೀವೂ ಎಲ್ಲರ ಹಾಗೆ ಕೆಲಸ ಮಾಡಲಿಕ್ಕೆ, ಓದಲಿಕ್ಕೆ, ಸೇವೆ ಪಡೆಯಲಿಕ್ಕೆ ಬೇಕಾದ ಚಿಕ್ಕಪುಟ್ಟ ಬದಲಾವಣೆ. ತರಗತಿಯನ್ನು ನೆಲಮಹಡಿಗೆ ತರುವುದು, ಕಿವಿ ಕೇಳದವರಿಗೆ ಸೂಚನೆಯನ್ನು ಬರೆದು ಕೊಡುವುದು, ಪರೀಕ್ಷೆಯಲ್ಲಿ ಬರಹಗಾರರನ್ನು ಒದಗಿಸುವುದು, ಇಂಥವು. ಒಂದು ಷರತ್ತಿದೆ: ಆ ಬದಲಾವಣೆ ಎದುರಿನವರಿಗೆ ಅತಿಯಾದ ಹೊರೆ ಆಗಬಾರದು. ಈ ಷರತ್ತನ್ನು ನೆನಪಿಡಿ, ಮೂರನೇ ಹಂತದಲ್ಲಿ ಮತ್ತೆ ಬರುತ್ತದೆ.

ಇಲ್ಲಿ ಎಲ್ಲರೂ ಎಡವುವ ಜಾಗ 40 ಪರ್ಸೆಂಟ್. "ನಂದು 30 ಪರ್ಸೆಂಟ್ ಅಷ್ಟೇ, ನನಗೆ ಈ ಕಾಯ್ದೆ ಅನ್ವಯಿಸಲ್ಲ ಅಲ್ವಾ?" ಅಂತ ಕೇಳುತ್ತಾರೆ. ಅನ್ವಯಿಸುತ್ತದೆ. 40 ಪರ್ಸೆಂಟಿನ ಗೆರೆ ಇರುವುದು ಮೀಸಲಾತಿಯಂಥ ಸೌಲಭ್ಯಗಳಿಗೆ: ಸರ್ಕಾರಿ ಕೆಲಸದಲ್ಲಿ 4 ಪರ್ಸೆಂಟ್, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ 5 ಪರ್ಸೆಂಟ್. ತಾರತಮ್ಯದಿಂದ ರಕ್ಷಣೆಗೆ ಆ ಗೆರೆ ಇಲ್ಲ. 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಗೆ ಯುಪಿಎಸ್‌ಸಿ ಬರಹಗಾರರನ್ನು ಕೊಡಲು ಒಪ್ಪಿರಲಿಲ್ಲ, 40 ಪರ್ಸೆಂಟ್ ಇಲ್ಲ ಅನ್ನುವುದು ಕಾರಣ. ಆ ಗೆರೆಯನ್ನು ಇಲ್ಲಿ ತರಬೇಡಿ ಅಂದಿತು ಕೋರ್ಟು. ಗುಮಾಸ್ತರು ನಿಮ್ಮ ಪರ್ಸೆಂಟ್ ಕೇಳಿ ವಾಪಸ್ ಕಳಿಸಿದರೆ ಈ ತೀರ್ಪಿನ ಹೆಸರು ಹೇಳಿ.

ಎಲ್ಲ ನಿರಾಕರಣೆಯೂ ತಾರತಮ್ಯ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ನ್ಯಾಯವಾದ ಉದ್ದೇಶಕ್ಕೆ, ಅದಕ್ಕೆ ಬೇಕಾದಷ್ಟೇ ಮಿತಿ ಹಾಕಿದ್ದರೆ ಕಾಯ್ದೆ ಬಿಡುತ್ತದೆ. ಆದರೆ 'ನಿಮ್ಮ ಒಳ್ಳೇದಕ್ಕೇ' ಅನ್ನುವುದು ಅಂಥ ಉದ್ದೇಶ ಅಲ್ಲ. 2012ರಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಜೀಜಾ ಘೋಷ್ ಅವರನ್ನು ಕೋಲ್ಕತ್ತದಲ್ಲಿ ವಿಮಾನದಿಂದ ಇಳಿಸಿದಾಗ, ಅವರ ಆರೋಗ್ಯದ ಕಾಳಜಿಗೆ ಹಾಗೆ ಮಾಡಿದೆವು ಅನ್ನುವ ಥರದ ಸಮಜಾಯಿಷಿಯೇ ಬಂದಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

2. ಕಾಗದ ಜೋಡಿಸಿಕೊಳ್ಳಿ

ಯುಡಿಐಡಿ ಕಾರ್ಡ್ ಇದ್ದರೆ ಅದರ ಜೆರಾಕ್ಸ್. ಇದು ದೇಶಕ್ಕೆಲ್ಲ ಒಂದೇ ನಂಬರಿನ ಅಂಗವಿಕಲರ ಗುರುತಿನ ಚೀಟಿ, ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಕಾರ್ಡ್ ಇನ್ನೂ ಬಂದಿಲ್ಲವಾದರೆ ಅರ್ಜಿ ಹಾಕಿದ ಸ್ವೀಕೃತಿ ಮತ್ತು ಡಾಕ್ಟರ ಚೀಟಿ ಇಟ್ಟುಕೊಳ್ಳಿ. ಕಾರ್ಡ್ ಬರಲಿ ಆಮೇಲೆ ದೂರು ಕೊಡೋಣ ಅಂತ ಕೂರಬೇಡಿ. ಹಳ್ಳಿಯಲ್ಲಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹುಡುಕಿ, ವಿಆರ್‌ಡಬ್ಲ್ಯು ಅಂದರೆ ಪಂಚಾಯಿತಿಯಲ್ಲಿ ಗೊತ್ತಾಗುತ್ತದೆ. ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು, ಪಟ್ಟಣದಲ್ಲಿ ಯುಆರ್‌ಡಬ್ಲ್ಯು ಇರುತ್ತಾರೆ. ಅರ್ಜಿ ತುಂಬಲಿಕ್ಕೆ ಸಹಾಯ ಮಾಡುವುದು ಅವರ ಕೆಲಸವೇ.

ಆಮೇಲೆ ಸಾಕ್ಷಿ. ದಿನಾಂಕ, ಹೊತ್ತು, ಯಾರು ಏನಂದರು, ಜೊತೆಗೆ ಯಾರಿದ್ದರು, ಇಷ್ಟನ್ನು ಅವತ್ತೇ ರಾತ್ರಿ ಬರೆದಿಡಿ. ಎರಡು ತಿಂಗಳ ನಂತರ ವಿಚಾರಣೆಯಲ್ಲಿ ಕೇಳಿದಾಗ ನೆನಪು ಕೈಕೊಡುತ್ತದೆ. ಫೋಟೊ ತೆಗೆಯಿರಿ, ಟಿಕೆಟ್, ಬಿಲ್, ಟೋಕನ್ ಚೀಟಿ ಎಸೆಯಬೇಡಿ.

ಕಟ್ಟಡದ ವಿಷಯವಾದರೆ ಒಂದು ಟೇಪು ತಗೊಂಡು ಹೋಗಿ. ಯಾಕೆಂದರೆ ದೂರು ಕೊಟ್ಟ ತಕ್ಷಣ ಬರುವ ಉತ್ತರ 'ನಮ್ಮಲ್ಲಿ ರ‍್ಯಾಂಪ್ ಇದೆ' ಅಂತ. ಇರುತ್ತದೆ, ಬೈಕ್ ಹತ್ತಿಸಲಿಕ್ಕೆ ಹಾಕಿದ ಕಡಿದಾದ ಸಿಮೆಂಟ್ ಇಳಿಜಾರು. ರ‍್ಯಾಂಪ್ ಅನ್ನಿಸಿಕೊಳ್ಳಬೇಕಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಬಾಗಿಲು ಕನಿಷ್ಠ 90 ಸೆಂಟಿಮೀಟರ್ ಅಗಲ ಇರಬೇಕು. ಟೇಪು ಹಿಡಿದ ಫೋಟೊ ದೂರಿನ ಜೊತೆ ಇಟ್ಟರೆ ಆ ಉತ್ತರ ನಿಲ್ಲುವುದಿಲ್ಲ. ಹಳೇ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕಾಯ್ದೆ ಕೊಟ್ಟದ್ದು ನಿಯಮ ಬಂದ ಮೇಲೆ ಐದು ವರ್ಷ. ನಿಯಮ ಬಂದದ್ದು 2017ರ ಜೂನ್‌ನಲ್ಲಿ, ನೀವೇ ಲೆಕ್ಕ ಹಾಕಿ. ಸರ್ಕಾರ ಸಂದರ್ಭ ನೋಡಿ ಇನ್ನಷ್ಟು ಕಾಲಾವಕಾಶ ಕೊಡಬಹುದು, ಆದ್ದರಿಂದ 'ನಿಮಗೆ ಕಾಲಾವಕಾಶ ಕೊಟ್ಟ ಆದೇಶ ಇದ್ದರೆ ತೋರಿಸಿ' ಅಂತ ಒಂದು ಸಾಲು ಸೇರಿಸಿ.

3. ಬರೆದು ಕೇಳಿ

ಇಡೀ ದಾರಿಯಲ್ಲಿ ಮುಖ್ಯವಾದ ಹಂತ ಇದು, ಜನ ಹಾರಿಸುವುದೂ ಇದನ್ನೇ. ಬಾಯಲ್ಲಿ ಹತ್ತು ಸಲ ಕೇಳಿರುತ್ತಾರೆ, ಪ್ರಿನ್ಸಿಪಾಲರ ಮುಂದೆ ಅತ್ತಿರುತ್ತಾರೆ, ಮ್ಯಾನೇಜರ ಜೊತೆ ಜಗಳ ಆಡಿರುತ್ತಾರೆ. ನಾಳೆ ನೋಟಿಸ್ ಹೋದಾಗ ಅವರು 'ಇಂಥ ಮನವಿ ನಮಗೆ ಬಂದೇ ಇಲ್ಲ' ಅಂತ ಒಂದೇ ಸಾಲು ಬರೆದು ಕಳಿಸಿದರೆ ಆ ಹತ್ತು ಸಲವೂ ಗಾಳಿಗೆ ಹೋದಂತೆ. ಹೊಂದಾಣಿಕೆ ನಿರಾಕರಿಸಿದರು ಅನ್ನಬೇಕಾದರೆ ನೀವು ಕೇಳಿದ್ದಕ್ಕೆ ದಾಖಲೆ ಬೇಕು.

ಒಂದು ಹಾಳೆ ಸಾಕು. ಹೀಗೆ ಬರೆಯಿರಿ:

"ನನಗೆ ಇಂಥ ಅಂಗವೈಕಲ್ಯ ಇದೆ, ದಾಖಲೆ ಲಗತ್ತಿಸಿದೆ. ನಿಮ್ಮ ಸಂಸ್ಥೆಯಲ್ಲಿ ಇಂಥ ದಿನ ಈ ತೊಂದರೆ ಆಯಿತು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ ಸೆಕ್ಷನ್ 3ರ ಪ್ರಕಾರ ಸಮಂಜಸ ಹೊಂದಾಣಿಕೆಯಾಗಿ ಇಂಥ ಬದಲಾವಣೆ ಮಾಡಿಕೊಡಬೇಕೆಂದು ಕೋರುತ್ತೇನೆ. 15 ದಿನದೊಳಗೆ ಲಿಖಿತ ಉತ್ತರ ಕೊಡಿ. ಆಗುವುದಿಲ್ಲವಾದರೆ ಕಾರಣವನ್ನು ಬರೆದು ತಿಳಿಸಿ."

ಆ 15 ದಿನ ಕಾಯ್ದೆಯದ್ದಲ್ಲ, ನೀವು ಹಾಕುವ ಗಡುವು. ಪರೀಕ್ಷೆ ಹತ್ತಿರ ಇದ್ದರೆ ಕಡಿಮೆ ಹಾಕಿ. ಪತ್ರ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಟಪಾಲು ವಿಭಾಗದವರು ಸೀಲು ಹಾಕಲ್ಲ ಅಂದರೆ ಅಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ, ಸೀದಾ ಪೋಸ್ಟಾಫೀಸಿಗೆ ಹೋಗಿ ಸ್ವೀಕೃತಿ ಬರುವ ಹಾಗೆ ಅಂಚೆಯಲ್ಲಿ ಕಳಿಸಿ, ಅದನ್ನೇ ಇಮೇಲೂ ಮಾಡಿ.

ಏನು ಕೇಳಬೇಕು ಅನ್ನುವುದರಲ್ಲಿ ಸ್ವಲ್ಪ ಜಾಣತನ ಬೇಕು. ಲ್ಯಾಬ್ ಮೂರನೇ ಮಹಡಿಯಲ್ಲಿದೆ ಅಂತ ಲಿಫ್ಟ್ ಕೇಳಿದಿರಿ ಅಂದುಕೊಳ್ಳಿ. ಕಾಲೇಜಿನವರು 'ಹಣ ಇಲ್ಲ, ಕಟ್ಟಡ ಹಳೇದು, ಅತಿಯಾದ ಹೊರೆ' ಅನ್ನುತ್ತಾರೆ, ಆ ಷರತ್ತಿನ ಹಿಂದೆ ಅಡಗಿ ಕೂರುತ್ತಾರೆ. ಅದೇ, 'ಈ ಬ್ಯಾಚಿನ ಲ್ಯಾಬನ್ನು ನೆಲಮಹಡಿಯ ಕೋಣೆಯಲ್ಲಿ ನಡೆಸಿ' ಅಂತ ಕೇಳಿದರೆ ಹೊರೆ ಅನ್ನಲಿಕ್ಕೆ ಅವರಿಗೆ ಬಾಯಿ ಬರುವುದಿಲ್ಲ. ಲಿಫ್ಟ್ ಬೇಡ ಅಂತಲ್ಲ, ಅದಕ್ಕೆ ಬೇರೆ ಅರ್ಜಿ ಹಾಕಿ. ಎರಡನ್ನೂ ಒಂದೇ ಹಾಳೆಯಲ್ಲಿ ಕಟ್ಟಿದರೆ ದೊಡ್ಡದರ ನೆಪದಲ್ಲಿ ಚಿಕ್ಕದೂ ಮುಳುಗುತ್ತದೆ.

4. ಒಳಗಿನ ದಾರಿ ಇದ್ದರೆ ಅದನ್ನು ಮೊದಲು ಮುಗಿಸಿ

ನೀವು ಸರ್ಕಾರಿ ನೌಕರರಾಗಿದ್ದು ಕೆಲಸದ ಜಾಗದಲ್ಲಿ ತಾರತಮ್ಯ ಆಗಿದ್ದರೆ, ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಒಬ್ಬ ಕುಂದುಕೊರತೆ ನಿವಾರಣಾ ಅಧಿಕಾರಿ ಇರಬೇಕು, ಅವರಿಗೆ ದೂರು ಕೊಡಿ. ದೂರು ದಾಖಲಾದ ಎರಡು ವಾರದೊಳಗೆ ಅವರು ವಿಚಾರಿಸಬೇಕು. ಸಮಾಧಾನ ಆಗದಿದ್ದರೆ ಅಂಗವೈಕಲ್ಯದ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು. ಕೆಲಸಕ್ಕೆ ಸೇರಿದ ಮೇಲೆ ಅಂಗವೈಕಲ್ಯ ಬಂದರೆ ಆ ಕಾರಣಕ್ಕೆ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. 'ಸ್ವಯಂ ನಿವೃತ್ತಿ ತಗೊಂಡುಬಿಡಿ, ಎಲ್ಲರಿಗೂ ಒಳ್ಳೇದು' ಅಂತ ಪ್ರೀತಿಯಿಂದ ಹೇಳುವವರು ಇರುತ್ತಾರೆ. ಸಹಿ ಹಾಕುವ ಮುಂಚೆ ಸೆಕ್ಷನ್ 20 ಓದಿ.

ಖಾಸಗಿ ಕಂಪನಿಯಾದರೆ 'ಸಮಾನ ಅವಕಾಶ ನೀತಿ'ಯ ಪ್ರತಿ ಕೇಳಿ. ಸೆಕ್ಷನ್ 21ರ ಪ್ರಕಾರ ಖಾಸಗಿಯವರೂ ಇದನ್ನು ಪ್ರಕಟಿಸಬೇಕು. 20 ಅಥವಾ ಅದಕ್ಕಿಂತ ಜಾಸ್ತಿ ನೌಕರರಿದ್ದರೆ ಅದರಲ್ಲಿ ಒಬ್ಬ ಸಂಪರ್ಕಾಧಿಕಾರಿಯನ್ನು ನೇಮಿಸಿದ ವಿವರವೂ ಇರಬೇಕು. ನೀತಿಯೇ ಇಲ್ಲ ಅಂದರೆ ನಿಮ್ಮ ದೂರಿಗೆ ಇನ್ನೊಂದು ಅಂಶ ಸಿಕ್ಕಿತು.

ಬ್ಯಾಂಕಿನ ವಿಷಯಕ್ಕೆ ಬೇರೆ ದಾರಿ ಇದೆ, ಎಷ್ಟೋ ಸಲ ಅದೇ ಬೇಗ ಮುಗಿಯುತ್ತದೆ. ಕಣ್ಣು ಕಾಣದವರಿಗೆ ಚೆಕ್ ಬುಕ್, ಎಟಿಎಂ, ಲಾಕರ್ ಎಲ್ಲವನ್ನೂ ತಾರತಮ್ಯ ಇಲ್ಲದೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2008ರಲ್ಲೇ ಎಲ್ಲ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿದೆ. ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ, 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಿ. ಒಂಬುಡ್ಸ್‌ಮನ್ ಅಂದರೆ ಗ್ರಾಹಕರ ದೂರು ಕೇಳಲಿಕ್ಕೇ ಇರುವ ಅಧಿಕಾರಿ, ಫೀಸ್ ಇಲ್ಲ. ಆನ್‌ಲೈನ್ ಕೆವೈಸಿಯಲ್ಲಿ 'ಕಣ್ಣು ಮಿಟುಕಿಸಿ' ಅಂತ ಕೇಳಿ ಖಾತೆ ನಿಲ್ಲಿಸಿದರೆ 2025ರ ಏಪ್ರಿಲ್ 30ರ ಪ್ರಗ್ಯಾ ಪ್ರಸೂನ್ ತೀರ್ಪನ್ನು ಉಲ್ಲೇಖಿಸಿ. ಆಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿ ಇಲ್ಲದವರು ತಂದ ಕೇಸು ಅದು. ಡಿಜಿಟಲ್ ಸೇವೆ ಕೈಗೆಟುಕುವುದು ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ ಹೇಳಿ, ಕೆವೈಸಿ ಬದಲಿಸಲು 20 ನಿರ್ದೇಶನ ಕೊಟ್ಟಿತು.

5. ಯಾವ ಆಯುಕ್ತರು? ಇಲ್ಲಿ ತಪ್ಪಬೇಡಿ

ನಾನು ತಪ್ಪಿದ್ದು ಇಲ್ಲೇ. ಈ ಕಾಯ್ದೆಯಡಿ ದೂರು ಕೇಳುವ ಆಯುಕ್ತರು ಇಬ್ಬರು ಇದ್ದಾರೆ. ದೆಹಲಿಯಲ್ಲಿ ಮುಖ್ಯ ಆಯುಕ್ತರು, ಬೆಂಗಳೂರಿನಲ್ಲಿ ರಾಜ್ಯ ಆಯುಕ್ತರು. ರೈಲ್ವೆ, ರಾಷ್ಟ್ರೀಕೃತ ಬ್ಯಾಂಕು, ಅಂಚೆ, ವಿಮಾನ, ಕೇಂದ್ರೀಯ ವಿದ್ಯಾಲಯ, ಕೇಂದ್ರದ ಪರೀಕ್ಷೆಗಳು ಇವೆಲ್ಲ ದೆಹಲಿಗೆ. ಬಿಎಂಟಿಸಿ, ಕೆಎಸ್ಸಾರ್ಟಿಸಿ, ಸರ್ಕಾರಿ ಶಾಲೆ, ರಾಜ್ಯದ ಕಾಲೇಜು, ತಾಲ್ಲೂಕು ಕಚೇರಿ, ನಗರಸಭೆ, ಊರಿನ ಹೋಟೆಲು, ಕಲ್ಯಾಣ ಮಂಟಪ ಇವು ಬೆಂಗಳೂರಿಗೆ. ಬ್ಯಾಂಕಿನ ಶಾಖೆ ಹಾವೇರಿಯಲ್ಲಿದ್ದರೂ ಬ್ಯಾಂಕು ಕೇಂದ್ರದ್ದು, ದೂರು ದೆಹಲಿಗೇ ಹೋಗಬೇಕು.

ಹಾಗಂತ ದೆಹಲಿಗೆ ಓಡಾಡಬೇಕಿಲ್ಲ. ಅಂಚೆಯಲ್ಲಿ ಕಳಿಸಬಹುದು, ಇಮೇಲ್ ಮಾಡಬಹುದು, ವಿಚಾರಣೆಗೆ ವಿಡಿಯೊ ಕಾನ್ಫರೆನ್ಸ್‌ನಲ್ಲಿ ಹಾಜರಾಗಲು ಅವಕಾಶ ಕೊಡಿ ಅಂತ ದೂರಿನಲ್ಲೇ ಕೇಳಬಹುದು. ನಮ್ಮ ರಾಜ್ಯ ಆಯುಕ್ತರು ಜಿಲ್ಲೆಗಳಿಗೇ ಬಂದು ಅದಾಲತ್ ನಡೆಸುವುದೂ ಉಂಟು. ಮುಂದಿನದು ಯಾವಾಗ ಅಂತ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

6. ದೂರು ಬರೆಯುವುದು

ಫೀಸ್ ಇಲ್ಲ, ವಕೀಲರು ಬೇಕೇಬೇಕು ಅಂತಿಲ್ಲ. ನಿಮ್ಮ ಹೆಸರು, ವಿಳಾಸ. ಎದುರುದಾರರ, ಅಂದರೆ ಯಾರ ಮೇಲೆ ದೂರುತ್ತೀರೋ ಅವರ ವಿಳಾಸ. ಏನಾಯಿತು, ಯಾವಾಗ, ಎಲ್ಲಿ. ಲಗತ್ತಿಸಿದ ದಾಖಲೆ. ಕೊನೆಗೆ ನಿಮಗೆ ಏನು ಬೇಕು. ಇಷ್ಟೇ.

ಎರಡು ಪುಟ ಮೀರಬೇಡಿ. ಹುಟ್ಟಿದಾಗಿನಿಂದ ಅನುಭವಿಸಿದ್ದೆಲ್ಲ ಬರೆಯಬೇಕು ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಆದರೆ ಓದುವವರಿಗೆ ಬೇಕಾದದ್ದು ಒಂದು ಘಟನೆ. ಎದುರುದಾರರಾಗಿ ವ್ಯಕ್ತಿಯ ಹೆಸರು ಹಾಕುವ ಬದಲು ಹುದ್ದೆ ಹಾಕಿ: 'ಪ್ರಾಂಶುಪಾಲರು', 'ವಿಭಾಗೀಯ ನಿಯಂತ್ರಣಾಧಿಕಾರಿ'. ವ್ಯಕ್ತಿ ವರ್ಗವಾಗಿ ಹೋಗುತ್ತಾರೆ, ಹುದ್ದೆ ಅಲ್ಲೇ ಇರುತ್ತದೆ. ಏನು ಬೇಕು ಅನ್ನುವಲ್ಲಿ 'ನ್ಯಾಯ ಕೊಡಿಸಿ' ಅಂತ ಬರೆದರೆ ಆಯುಕ್ತರು ಯಾವ ಆದೇಶ ಬರೆಯಬೇಕು? 'ಇಂಥ ದಿನದೊಳಗೆ ಮುಖ್ಯದ್ವಾರದಲ್ಲಿ ಅಳತೆ ಪ್ರಕಾರ ರ‍್ಯಾಂಪ್ ಹಾಕಿಸಿ ಫೋಟೊ ಸಲ್ಲಿಸಲು ಸೂಚಿಸಿ' ಅಂತ ಬರೆಯಿರಿ.

ಮೂರನೇ ಹಂತದ ಪತ್ರ ಮತ್ತು ಸೀಲು ಹಾಕಿದ ಪ್ರತಿ ಲಗತ್ತಿನಲ್ಲಿ ಮೊದಲು ಇರಲಿ. ಮೂಲ ದಾಖಲೆಗಳನ್ನು ಯಾರಿಗೂ ಕೊಡಬೇಡಿ.

7. ದೂರು ಹೋದ ಮೇಲೆ

ಕೇಂದ್ರದ ನಿಯಮಗಳ ಪ್ರಕಾರ ಎದುರುದಾರರಿಗೆ ನೋಟಿಸ್ ಹೋಗುತ್ತದೆ, 30 ದಿನದಲ್ಲಿ ಉತ್ತರ ಕೊಡಬೇಕು, ಬೇಕಿದ್ದರೆ ಇನ್ನು 15 ದಿನ ಸಿಗುತ್ತದೆ. ನೋಟಿಸ್ ಮುಟ್ಟಿದ ಮೂರು ತಿಂಗಳೊಳಗೆ, ಆದಷ್ಟು ಮಟ್ಟಿಗೆ, ತೀರ್ಮಾನ ಆಗಬೇಕು. 'ಆದಷ್ಟು ಮಟ್ಟಿಗೆ' ಅನ್ನುವ ಪದ ನಿಯಮದಲ್ಲೇ ಇದೆ, ಹಾಗಾಗಿ ತಡ ಆದರೆ ಗಾಬರಿ ಬೇಡ, ಒಂದು ಜ್ಞಾಪನ ಪತ್ರ ಕಳಿಸಿ. ವಿಚಾರಣೆ ದಿನ ಮಾತ್ರ ತಪ್ಪಿಸಬೇಡಿ. ನೀವು ಬರಲಿಲ್ಲ ಅಂತ ದೂರನ್ನೇ ವಜಾ ಮಾಡಬಹುದು. ಹುಷಾರಿಲ್ಲದಿದ್ದರೆ ಮೊದಲೇ ಬರೆದು ತಿಳಿಸಿ, ಸನ್ನೆ ಭಾಷೆಯ ದುಭಾಷಿ ಬೇಕಿದ್ದರೆ ಅದನ್ನೂ ಮೊದಲೇ ಕೇಳಿ.

ಆಯುಕ್ತರಿಗೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಆದರೆ ಕೊನೆಗೆ ಅವರು ಕೊಡುವುದು ಶಿಫಾರಸು. ಸಂಬಂಧಪಟ್ಟವರು ಅದರ ಮೇಲೆ ಕ್ರಮ ತಗೊಂಡು ಮೂರು ತಿಂಗಳೊಳಗೆ ತಿಳಿಸಬೇಕು, ಒಪ್ಪದಿದ್ದರೆ ಕಾರಣವನ್ನು ನಿಮಗೂ ಹೇಳಬೇಕು. ಕಾಯ್ದೆ ಉಲ್ಲಂಘನೆಗೆ ದಂಡ ಇದೆ: ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ. ಅದನ್ನು ಹಾಕುವುದು ಕೋರ್ಟು, ಆ ದುಡ್ಡು ನಿಮ್ಮ ಕೈಗೆ ಬರುವುದಲ್ಲ. ಈ ಎರಡು ವಿಷಯದಲ್ಲಿ ಜನ ಬೇರೆ ಏನೋ ಅಂದುಕೊಂಡು ಹೋಗಿ ಬೇಜಾರಾಗಿ ಬರುತ್ತಾರೆ.

8. ಆಯುಕ್ತರ ದಾರಿ ಸಾಲದಿದ್ದಾಗ

ನಾಲ್ಕು ಜನರ ಎದುರು ಬೇಕಂತಲೇ ಅವಮಾನಿಸಿದರೆ, ಹೆದರಿಸಿದರೆ, ಹೊಡೆದರೆ, ವೀಲ್‌ಚೇರೋ ಶ್ರವಣ ಯಂತ್ರವೋ ಬೇಕಂತ ಹಾಳು ಮಾಡಿದರೆ ಆಯುಕ್ತರಿಗಿಂತ ಮೊದಲು ಪೊಲೀಸ್ ಠಾಣೆ. ಸೆಕ್ಷನ್ 92ರಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ ಇದೆ. ಠಾಣೆಯಲ್ಲಿ ಈ ಸೆಕ್ಷನ್ ಗೊತ್ತಿಲ್ಲದಿರಬಹುದು, ಒಂದು ಪ್ರಿಂಟ್ ತಗೊಂಡು ಹೋಗಿ. ಎಫ್ಐಆರ್ ಹಾಕಲ್ಲ ಅಂದರೆ ಅದೇ ದೂರನ್ನು ಎಸ್ಪಿಗೆ ಅಂಚೆಯಲ್ಲಿ ಕಳಿಸಿ.

ಪರೀಕ್ಷೆ ಮುಂದಿನ ವಾರ, ಸೀಟು ನಾಳೆ ಬೇರೆಯವರಿಗೆ ಹೋಗುತ್ತದೆ ಅಂಥ ಪರಿಸ್ಥಿತಿಯಾದರೆ ಆಯುಕ್ತರನ್ನು ನಂಬಿ ಕೂರಬೇಡಿ. ಮುಖ್ಯ ಆಯುಕ್ತರಿಗೆ ಮಧ್ಯಂತರ ತಡೆ ಕೊಡುವ ಅಧಿಕಾರ ಇಲ್ಲ ಅಂತ ಹಳೇ ಕಾಯ್ದೆ ಇದ್ದಾಗಲೇ ಸುಪ್ರೀಂ ಕೋರ್ಟ್ ಹೇಳಿದೆ. ಹೈಕೋರ್ಟಿನ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ರಿಟ್, ಅಂದರೆ ಹಕ್ಕಿಗೆ ಧಕ್ಕೆಯಾದಾಗ ನೇರ ಹೈಕೋರ್ಟಿಗೆ ಕೊಡುವ ಅರ್ಜಿ, ಹಾಕಬೇಕು. ವಕೀಲರಿಗೆ ದುಡ್ಡಿಲ್ಲ ಅನ್ನುವ ಚಿಂತೆ ಬಿಡಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಅಂಗವೈಕಲ್ಯ ಇರುವವರಿಗೆ ಉಚಿತ ವಕೀಲರ ಹಕ್ಕಿದೆ. ಕೋರ್ಟಿನ ಆವರಣದಲ್ಲೇ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ, ಅಥವಾ 15100ಕ್ಕೆ ಫೋನ್ ಮಾಡಿ.

ದುಡ್ಡು ಕೊಟ್ಟು ಪಡೆದ ಸೇವೆಯಾಗಿದ್ದು ನಿಮಗೆ ಪರಿಹಾರದ ಹಣ ಬೇಕಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ನೋಡಿ, ಘಟನೆಯಾದ ಎರಡು ವರ್ಷದೊಳಗೆ ಹಾಕಬೇಕು.

ಇನ್ನೊಂದು, ಇದು ಹೆಚ್ಚುಕಡಿಮೆ ಎಲ್ಲರಿಗೂ ಆಗುವುದು. ನೋಟಿಸ್ ಮುಟ್ಟಿದ ವಾರದಲ್ಲಿ ಫೋನು ಬರುತ್ತದೆ. "ಸಾರ್, ಇಷ್ಟಕ್ಕೆಲ್ಲ ಯಾಕೆ ದೂರು, ಮೊದಲೇ ಹೇಳಿದ್ರೆ ಮಾಡಿಕೊಡ್ತಿದ್ವಿ, ವಾಪಸ್ ತಗೊಂಡುಬಿಡಿ." ಜಗಳ ಬೇಡ, ಖುಷಿಯಿಂದಲೇ ಒಪ್ಪಿಕೊಳ್ಳಿ. ಆದರೆ ಏನು ಮಾಡಿಕೊಡುತ್ತಾರೆ, ಯಾವ ದಿನದೊಳಗೆ ಅನ್ನುವುದನ್ನು ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡು ಆಯುಕ್ತರ ಕಡತಕ್ಕೆ ಸೇರಿಸಿ. ವಾಪಸಾತಿ ಪತ್ರಕ್ಕೆ ಸಹಿ ಹಾಕುವುದು ಚೆಕ್ ಬುಕ್ ಕೈಗೆ ಬಂದ ಮೇಲೆ, ಅಥವಾ ಆ ರ‍್ಯಾಂಪಿನ ಮೇಲೆ ನಿಮ್ಮ ವೀಲ್‌ಚೇರ್ ಒಂದು ಸಲ ಹತ್ತಿ ಇಳಿದ ಮೇಲೆ.